ಮೆಗಾರೈಡ್ ಕಾರ್ಡ್ ಹಿಂದೆ ಆರು ಡಿಸ್ಕು: ಡೆಬಿಯನ್ ಫೈಲ್ ಸರ್ವರ್ ಕಟ್ಟಿದ ದಿನಚರಿ

ನಮ್ಮ ಟೀಮಿನ ಹಳೇ ಫೈಲ್ ಸರ್ವರ್ ಜಾಗ ತುಂಬಿ ಹೋಗಿತ್ತು, ಅದಕ್ಕೆ ಹೊಸದೊಂದು ಕಟ್ಟಿದೆ. ರೈಡ್ ಅಂದ್ರೆ ಹಲವು ಡಿಸ್ಕ್ ಸೇರಿಸಿ (ಈ ಗುಂಪಿಗೇ ಅರೇ ಅನ್ನೋದು) ಒಂದೇ ಡಿಸ್ಕಿನ ಹಾಗೆ ಬಳಸೋದು, ಡಿಸ್ಕ್ ಸತ್ರೂ ಡೇಟಾ ಉಳಿಯೋ ಹಾಗೆ. ಲಿನಕ್ಸೇ ಮಾಡೋ ಸಾಫ್ಟ್‌ವೇರ್ ರೈಡ್ ಬೇಡ, ಈ ಸಲ ಹಾರ್ಡ್‌ವೇರ್ ರೈಡ್ ಕಾರ್ಡ್ ಹಾಕೋಣ ಅಂತ ಶುರು ಮಾಡಿದ್ದು, ಎರಡು ದಿನದ ಕೆಲಸ ಅಂದ್ಕೊಂಡಿದ್ದು ಹತ್ತಿರ ಹತ್ತಿರ ಎರಡೂವರೆ ತಿಂಗಳು ಎಳೀತು. ದಿನ ದಿನ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ದನ್ನೇ ಇಲ್ಲಿ ಹಾಕ್ತಿದೀನಿ. ಎಲ್ಲಿ ತಪ್ಪು ಮಾಡಿದೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರ್ದಿದೀನಿ, ಯಾಕಂದ್ರೆ ಇದೇ ದಾರೀಲಿ ಹೋಗೋರಿಗೆ ಬೇಕಾಗಿರೋದು ಅದೇ.

ಸಾಮಾನು: ನಾಲ್ಕು ಕೋರ್ ಇರೋ ಹಳೇ ಟವರ್ ಮಶೀನು, 16 ಜಿಬಿ ರ‍್ಯಾಮ್, ಓಎಸ್‌ಗೆ ಮದರ್‌ಬೋರ್ಡ್‌ಗೇ ಹಾಕಿರೋ 240 ಜಿಬಿ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ಎಲ್‌ಎಸ್‌ಐ ಮೆಗಾರೈಡ್ 9271-8ಐ ಕಾರ್ಡು (1 ಜಿಬಿ ಕ್ಯಾಶ್ ಇದೆ, ಎಸ್‌ಎಎಸ್2208 ಚಿಪ್ಪು), 4 ಟಿಬಿಯ 7200 ಆರ್‌ಪಿಎಂ ಸಾಟಾ ಡಿಸ್ಕು ಆರು, ಕಪಾಟಿನಲ್ಲಿ ಸ್ಪೇರ್ ಒಂದು. ಡೆಬಿಯನ್ 12. ಡಿಸ್ಕ್ ಕೊಳ್ಳೋವಾಗ ಒಂದು ವಿಷಯ ಮಾತ್ರ ಗಟ್ಟಿಯಾಗಿ ನೋಡಿದ್ದೆ: ಎಸ್‌ಎಂಆರ್ ಡಿಸ್ಕ್ (ಟ್ರ್ಯಾಕ್ ಮೇಲೆ ಟ್ರ್ಯಾಕ್ ಹೊದಿಸಿ ಬರೆಯೋದು, ತಿದ್ದಿ ಬರೆಯೋಕೆ ನಿಧಾನ) ಆಗಿರಬಾರದು, ಮತ್ತೆ ಎರರ್ ರಿಕವರಿಗೆ ಟೈಮ್ ಲಿಮಿಟ್ ಇರಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕು ಒಂದು ಕೆಟ್ಟ ಸೆಕ್ಟರ್ ಓದೋಕೆ ನಿಮಿಷಗಟ್ಟಲೆ ಒದ್ದಾಡ್ತಾ ಕೂರತ್ತೆ, ಕಾರ್ಡು ಅಷ್ಟೊತ್ತು ಕಾಯಲ್ಲ, ಡಿಸ್ಕ್ ಸತ್ತಿದೆ ಅಂತ ಅರೇಯಿಂದ ಹೊರಗೆ ಹಾಕಿಬಿಡತ್ತೆ. ಡಿಸ್ಕಿನ ಆರೋಗ್ಯ ನೋಡೋ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿಇಆರ್‌ಸಿ (ಅದೇ ಟೈಮ್ ಲಿಮಿಟ್) ನೋಡಿದ್ರೆ ಏಳೂ ಡಿಸ್ಕಿಗೆ 70 ಅಂತ ಬಂತು, ಅಂದ್ರೆ 7 ಸೆಕೆಂಡು. ಸರಿ ಅಂತ ತಗೊಂಡೆ.

ದಿನ 1: ಕೇಬಲ್

ಕಾರ್ಡ್ ಹಾಕಿ, ಡಿಸ್ಕ್ ಜೋಡಿಸಿ, ಆನ್ ಮಾಡಿದೆ. ಎಲ್‌ಎಸ್‌ಪಿಸಿಐನಲ್ಲಿ (ಸಿಕ್ಕಿಸಿರೋ ಕಾರ್ಡುಗಳ ಪಟ್ಟಿ) ಕಾರ್ಡ್ ಬಂತು, ಕರ್ನಲ್‌ನಲ್ಲೇ ಇರೋ ಮೆಗಾರೈಡ್_ಸಾಸ್ ಡ್ರೈವರ್ ತಾನೇ ಲೋಡ್ ಆಯ್ತು, ಇಲ್ಲೀವರೆಗೆ ಒಂದು ಸಾಲು ಟೈಪ್ ಮಾಡಬೇಕಾಗ್ಲಿಲ್ಲ. ಆದ್ರೆ ಆರು ಡಿಸ್ಕಲ್ಲಿ ಎರಡೇ ಕಾಣ್ತಿದೆ.

ಪವರ್ ಕನೆಕ್ಟರ್ ತೆಗೆದು ಹಾಕಿದೆ, ಡಿಸ್ಕ್ ಅದಲು ಬದಲು ಮಾಡಿದೆ, ಕಾರ್ಡನ್ನ ಇನ್ನೊಂದು ಸ್ಲಾಟ್‌ಗೆ ಹಾಕಿದೆ. ಮೂರು ಗಂಟೆ ಹೋಯ್ತು. ಕೊನೆಗೆ ಎರಡು ಕೇಬಲ್‌ಗಳನ್ನ ಪೋರ್ಟ್ ಬದಲಾಯಿಸಿ ಹಾಕಿದಾಗ ಡಿಸ್ಕ್ ಕಾಣೋದು ಕೇಬಲ್ ಜೊತೆಗೇ ಹೋಯ್ತು, ಆಗ ಹೊಳೀತು. ಕಾರ್ಡಿನ ಒಂದು ದಪ್ಪ ಪೋರ್ಟಿಂದ (ಎಸ್‌ಎಫ್‌ಎಫ್-8087) ನಾಲ್ಕು ಸಾಟಾ ಬಾಲ ಬರೋ ಕೇಬಲ್‌ನಲ್ಲಿ ಎರಡು ಜಾತಿ ಇದೆ, ಫಾರ್ವರ್ಡ್ ಮತ್ತು ರಿವರ್ಸ್. ಕಾರ್ಡಿಂದ ಡಿಸ್ಕಿಗೆ ಹೋಗೋಕೆ ಫಾರ್ವರ್ಡ್ ಬೇಕು. ಮದರ್‌ಬೋರ್ಡಿನ ಸಾಟಾ ಪೋರ್ಟುಗಳಿಂದ ಬ್ಯಾಕ್‌ಪ್ಲೇನಿಗೆ (ಡಿಸ್ಕುಗಳನ್ನ ನೇರ ಸಿಕ್ಕಿಸೋ ಬೋರ್ಡು) ಹೋಗೋಕೆ ರಿವರ್ಸ್. ಎರಡೂ ಪಕ್ಕಪಕ್ಕ ಇಟ್ಟು ನೋಡಿದ್ರೂ ವ್ಯತ್ಯಾಸ ಕಾಣಲ್ಲ, ಒಳಗಿನ ವೈರ್ ಮಾತ್ರ ಬೇರೆ. ನಾನು ಹಳೇ ಡಬ್ಬದಿಂದ ತೆಗೆದಿದ್ದು ರಿವರ್ಸ್. ಹೊಸ ಫಾರ್ವರ್ಡ್ ಕೇಬಲ್ ಬರೋಕೆ ಎರಡು ದಿನ. ಬಂದ ತಕ್ಷಣ ಅದರ ಮೇಲೆ ಮಾರ್ಕರ್‌ನಲ್ಲಿ ಫಾರ್ವರ್ಡ್ ಅಂತ ಬರೆದು ಇಟ್ಟೆ, ಹಳೇದನ್ನೂ ಬರೆದು ಬೇರೆ ಕವರ್‌ಗೆ ಹಾಕಿದೆ.

ದಿನ 3: ಬಿಸಿ, ಮತ್ತೆ ಹಳೇ ಗುರುತು

ಬೂಟ್ ಆಗೋವಾಗ ಕಂಟ್ರೋಲ್ ಎಚ್ ಒತ್ತಿದ್ರೆ ಕಾರ್ಡಿನ ಸೆಟಪ್ ಬರಬೇಕು ಅಂತ ಎಲ್ಲರೂ ಹೇಳ್ತಾರೆ, ನನಗೆ ಆ ಸ್ಕ್ರೀನೇ ಬರ್ಲಿಲ್ಲ. ನನ್ನ ಮಶೀನು ಯುಇಎಫ್‌ಐ ಮೋಡ್‌ನಲ್ಲಿ ಮಾತ್ರ ಬೂಟ್ ಆಗೋ ಹಾಗೆ ಇಟ್ಟಿದ್ದೆ, ಸಿಎಸ್‌ಎಂ (ಹಳೇ ಬಯಾಸ್ ರೀತಿ ಬೂಟ್ ಮಾಡೋ ವ್ಯವಸ್ಥೆ) ಆಫ್ ಇತ್ತು, ಹಾಗಾಗಿ ಕಾರ್ಡಿನಲ್ಲಿರೋ ಹಳೇ ಕಾಲದ ಬೂಟ್ ಪ್ರೋಗ್ರಾಂ (ಆಪ್ಶನ್ ರಾಮ್) ಓಡೋದೇ ಇಲ್ಲ. ಓಎಸ್ ಬೇರೆ ಎಸ್‌ಎಸ್‌ಡಿಲಿ ಇರೋದ್ರಿಂದ ಅದನ್ನ ಬಿಟ್ಟು ಲಿನಕ್ಸ್ ಒಳಗಿಂದಲೇ ಸ್ಟೋರ್‌ಸಿಎಲ್‌ಐ ಬಳಸಿದೆ. ಇಲ್ಲೊಂದು ಮಾತು ಹೇಳ್ಬೇಕು, ಡ್ರೈವರ್ ಓಪನ್ ಸೋರ್ಸು, ಕರ್ನಲ್ ಜೊತೆಗೇ ಬರತ್ತೆ, ಆದ್ರೆ ಕಾರ್ಡ್ ಜೊತೆ ಮಾತಾಡೋ ಈ ಟೂಲ್ ಓಪನ್ ಅಲ್ಲ, ಡೆಬಿಯನ್ ರೆಪೊಸಿಟರೀಲಿ ಸಿಗಲ್ಲ, ತಯಾರಕರ ಕಡೆಯಿಂದ ಇಳಿಸ್ಕೊಂಡು ಹಾಕ್ಬೇಕು, ಅದು ಆಪ್ಟ್ ಫೋಲ್ಡರ್ ಒಳಗೆ ಹೋಗಿ ಕೂರತ್ತೆ. ಮುಂದೆ ಬರೋ ಎಲ್ಲಾ ಕಷ್ಟದ ಬೇರು ಒಂದು ರೀತೀಲಿ ಇಲ್ಲೇ ಇದೆ. ಡಿಸ್ಕಿನ ನಿಜಸ್ಥಿತಿ ಗೊತ್ತಿರೋದು ಕಾರ್ಡಿಗೆ, ಲಿನಕ್ಸ್‌ಗಲ್ಲ.

ಸ್ಟೋರ್‌ಸಿಎಲ್‌ಐನಲ್ಲಿ '/ಸಿ0 ಶೋ' ಕೊಟ್ಟೆ. ಆರು ಡಿಸ್ಕ್ ಬಂತು. ಅದರಲ್ಲಿ ಎರಡರ ಮುಂದೆ ಎಫ್ ಅಂತಿದೆ, ಫಾರಿನ್ ಅಂತ ಅರ್ಥ. ಆ ಎರಡು ಮೊದಲು ಬೇರೆ ಯಾವುದೋ ಅರೇಲಿ ಇದ್ದವು, ಆ ಗುರುತು ಡಿಸ್ಕ್ ಮೇಲೇ ಉಳಿದಿತ್ತು. ಒಳಗೆ ಬೇಕಾದ್ದೇನೂ ಇಲ್ಲ ಅಂತ ಎರಡು ಸಲ ನೋಡ್ಕೊಂಡು '/ಸಿ0/ಎಫ್ಆಲ್ ಡಿಲೀಟ್' ಮಾಡಿದೆ.

ಆಮೇಲೆ ಟೆಂಪರೇಚರ್ ನೋಡಿದ್ರೆ ಚಿಪ್ಪು 97 ಡಿಗ್ರಿ. ಏನೂ ಕೆಲಸ ಮಾಡ್ದೆ ಸುಮ್ನೆ ಕೂತಿರುವಾಗ! ಈ ಕಾರ್ಡುಗಳನ್ನ ಮಾಡಿರೋದು ರ‍್ಯಾಕ್ ಸರ್ವರ್‌ಗೆ, ಅಲ್ಲಿ ಮುಂದಿಂದ ಹಿಂದಕ್ಕೆ ಜೋರಾಗಿ ಗಾಳಿ ನುಗ್ತಾ ಇರತ್ತೆ, ನನ್ನ ಟವರ್ ಕೇಸಲ್ಲಿ ಕಾರ್ಡ್ ಇರೋ ಮೂಲೆಗೆ ಗಾಳಿನೇ ಹೋಗ್ತಿರ್ಲಿಲ್ಲ. 92 ಎಂಎಂ ಫ್ಯಾನ್ ಒಂದನ್ನ ಕೇಬಲ್ ಟೈನಲ್ಲಿ ಡ್ರೈವ್ ಕೇಜಿಗೆ ಕಟ್ಟಿ ನೇರ ಹೀಟ್‌ಸಿಂಕ್ ಮೇಲೆ ಬೀಸೋ ಹಾಗೆ ಮಾಡಿದೆ. 20 ನಿಮಿಷದಲ್ಲಿ 63ಕ್ಕೆ ಇಳೀತು.

ದಿನ 4: ಅರೇ ಮಾಡಿದ್ದು

ರೈಡ್ 6, ಸ್ಟ್ರಿಪ್ (ಒಂದು ಡಿಸ್ಕಿಗೆ ಒಂದು ಸಲಕ್ಕೆ ಹೋಗೋ ತುಂಡು) 256 ಕೆಬಿ, ಆರು ಡಿಸ್ಕು. ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಸತ್ತ ಡಿಸ್ಕಿನ ಡೇಟಾ ಮತ್ತೆ ಲೆಕ್ಕ ಹಾಕೋಕೆ ಬೇಕಾದ ಮಾಹಿತಿ) ಹೋಗತ್ತೆ, ಉಳಿದ 16 ಟಿಬಿ ಸ್ಟೋರ್‌ಸಿಎಲ್‌ಐ ಲೆಕ್ಕದಲ್ಲಿ 14.55 ಅಂತ ಕಾಣತ್ತೆ. ರೈಡ್ 5 (ಪ್ಯಾರಿಟಿಗೆ ಒಂದೇ ಡಿಸ್ಕಿನಷ್ಟು ಜಾಗ) ಮಾಡಿ 4 ಟಿಬಿ ಉಳಿಸ್ಬಹುದಿತ್ತು, ಮಾಡ್ಲಿಲ್ಲ, ಅದರ ಬೆಲೆ ಏನು ಅಂತ ಏಳನೇ ವಾರದಲ್ಲಿ ಗೊತ್ತಾಯ್ತು.

ಫುಲ್ ಇನಿಶಿಯಲೈಸ್ ಕೊಟ್ಟೆ. 9 ಗಂಟೆ 40 ನಿಮಿಷ. ಫಾಸ್ಟ್ ಇನಿಶಿಯಲೈಸ್ ಸೆಕೆಂಡುಗಳಲ್ಲಿ ಮುಗಿಯತ್ತೆ, ಆದ್ರೆ ಹೊಸ ಡಿಸ್ಕಿನ ಪ್ರತಿ ಸೆಕ್ಟರಿಗೂ ಒಂದು ಸಲ ಬರೆದು ನೋಡೋ ಅವಕಾಶ ಡೇಟಾ ಹಾಕೋ ಮುಂಚೆ ಮಾತ್ರ ಸಿಗೋದು, ಅದನ್ನ ಬಿಡಬಾರದು ಅಂತ ನನ್ನ ಅಭಿಪ್ರಾಯ.

ಬೆಳಿಗ್ಗೆ ಎಲ್‌ಎಸ್‌ಬಿಎಲ್‌ಕೆನಲ್ಲಿ ಒಂದೇ ಒಂದು ದೊಡ್ಡ ಡಿಸ್ಕು, 14.6ಟಿ. ಜಿಪಿಟಿ ಪಾರ್ಟಿಶನ್ ಟೇಬಲ್ ಹಾಕಿ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಮಾಡಿದೆ. ಝಡ್‌ಎಫ್‌ಎಸ್ (ರೈಡ್ ಕೆಲಸವನ್ನೂ ತಾನೇ ಮಾಡೋ ಫೈಲ್ ಸಿಸ್ಟಮ್) ಯಾಕಿಲ್ಲ ಅಂತ ಕೇಳೋರಿಗೆ: ಅದಕ್ಕೆ ಡಿಸ್ಕುಗಳು ನೇರ ಕೈಗೆ ಸಿಗಬೇಕು, ಈ ತರ ಕಾರ್ಡ್ ಹಿಂದೆ ಇಡಬೇಡಿ ಅಂತ ಓಪನ್‌ಝಡ್‌ಎಫ್‌ಎಸ್ ಡಾಕ್ಯುಮೆಂಟೇಶನ್ನೇ ಹೇಳತ್ತೆ.

ಕಾರ್ಡಿನ ಹಿಂದೆ ಎಷ್ಟು ಡಿಸ್ಕ್ ಇದೆ, ಸ್ಟ್ರಿಪ್ ಎಷ್ಟು ಅಂತ ಫೈಲ್ ಸಿಸ್ಟಮ್ ಮಾಡೋ ಎಂಕೆಎಫ್‌ಎಸ್‌ಗೆ ತಾನೇ ಗೊತ್ತಾಗುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ, ನಾವೇ ಹೇಳೋದು ಒಳ್ಳೇದು. ನಾನು ಮೊದಲ ಸಲ ಎಸ್‌ಯು (ಸ್ಟ್ರಿಪ್ ಸೈಜು) 256ಕೆ, ಎಸ್‌ಡಬ್ಲ್ಯು 6 ಅಂತ ಕೊಟ್ಟೆ. ತಪ್ಪು. ಎಸ್‌ಡಬ್ಲ್ಯು ಅಂದ್ರೆ ಡೇಟಾ ಡಿಸ್ಕು ಮಾತ್ರ, ಪ್ಯಾರಿಟಿ ಎರಡು ಕಳೆದ್ರೆ 4. ಅಳಿಸಿ ಮತ್ತೆ ಮಾಡಿದೆ. ಇಎಕ್ಸ್‌ಟಿ4 ಹಾಕೋರಿಗೆ ಇದೇ ಲೆಕ್ಕ ಸ್ಟ್ರೈಡ್ 64, ಸ್ಟ್ರೈಪ್ ವಿಡ್ತ್ 256 ಆಗತ್ತೆ, 4ಕೆ ಬ್ಲಾಕ್ ಇದ್ರೆ.

ದಿನ 5: ಯಾಕಿಷ್ಟು ಸ್ಲೋ

ಡಿಸ್ಕ್ ವೇಗ ಅಳೆಯೋ ಎಫ್‌ಐಒ ಓಡಿಸಿದೆ. 4ಕೆ ರ‍್ಯಾಂಡಮ್ ರೈಟ್ 84 ಐಒಪಿಎಸ್ (ಸೆಕೆಂಡಿಗೆ ಅಷ್ಟು ಸಲ ಬರೆಯೋದು). ಒಂದು ಡಿಸ್ಕ್ ಒಂಟಿಯಾಗಿ ಇದ್ರೆ ಎಷ್ಟೋ, ಹೆಚ್ಚು ಕಮ್ಮಿ ಅಷ್ಟೇ. ಸೀಕ್ವೆನ್ಷಿಯಲ್ ರೈಟ್ ಸೆಕೆಂಡಿಗೆ 60 ಎಂಬಿ ಸುತ್ತಮುತ್ತ.

ಅರೇ ಮಾಡೋವಾಗ ರೈಟ್‌ಬ್ಯಾಕ್ ಅಂತ ಕೊಟ್ಟಿದ್ದೆ. 'ಶೋ ಆಲ್' ನೋಡಿದ್ರೆ ರೈಟ್ ಕ್ಯಾಶ್ ಮುಂದೆ ರೈಟ್‌ಬ್ಯಾಕ್ ಅಂತಾನೇ ಇದೆ. ಅದರ ಪಕ್ಕ ಬ್ರ್ಯಾಕೆಟ್‌ನಲ್ಲಿ ಇನಿಶಿಯಲ್ ಸೆಟ್ಟಿಂಗ್ ಅಂತ ಬರೆದಿದ್ದನ್ನ ನಾನು ಓದೇ ಇರ್ಲಿಲ್ಲ. ಅಂದ್ರೆ ನಾವು ಕೇಳಿದ್ದು ಅದು, ಈಗ ನಡೀತಿರೋದಲ್ಲ. ನಡೀತಿರೋದು ಮೇಲಿನ ಟೇಬಲ್‌ನ ಕ್ಯಾಶ್ ಕಾಲಂನಲ್ಲಿದೆ, ಅಲ್ಲಿ ಡಬ್ಲ್ಯುಟಿ ಅಂತಿತ್ತು, ರೈಟ್‌ಥ್ರೂ, ಅಂದ್ರೆ ಡಿಸ್ಕಿಗೇ ಬರೆದ ಮೇಲೆ 'ಆಯ್ತು' ಅನ್ನೋದು. ಕಾರಣ ಸರಳ. ರೈಟ್‌ಬ್ಯಾಕ್ ಅಂದ್ರೆ ಡೇಟಾ ಕಾರ್ಡಿನ ರ‍್ಯಾಮಿಗೆ ಬಂದ ತಕ್ಷಣ 'ಬರೆದಾಯ್ತು' ಅಂತ ಲಿನಕ್ಸ್‌ಗೆ ಹೇಳೋದು, ಕರೆಂಟ್ ಹೋದಾಗ ಆ ರ‍್ಯಾಮ್ ಉಳಿಸೋಕೆ ಬ್ಯಾಟರಿನೋ ಸೂಪರ್ ಕೆಪಾಸಿಟರೋ ಇರ್ಬೇಕು, ಇಲ್ಲಾಂದ್ರೆ ಕಾರ್ಡು ತಾನಾಗೇ ರೈಟ್‌ಥ್ರೂಗೆ ಇಳಿಯತ್ತೆ. ನನ್ನ ಕಾರ್ಡ್ ಜೊತೆ ಆ ಕೆಲಸ ಮಾಡೋ ಕ್ಯಾಶ್‌ವಾಲ್ಟ್ ಮಾಡ್ಯೂಲ್ ಬಂದೇ ಇರ್ಲಿಲ್ಲ. ಕೊಳ್ಳೋವಾಗ ನಾನು ಕೇಳಬೇಕಿತ್ತು, ಕೇಳ್ಲಿಲ್ಲ.

ಮಾಡ್ಯೂಲ್ ಆರ್ಡರ್ ಹಾಕಿದೆ. ಬರೋಕೆ ಹತ್ತು ದಿನ ಅಂದ್ರು. ಇಲ್ಲಿ ಕೈ ಕಟ್ಟಿ ಕೂತಿದ್ರೆ ಏನೂ ಆಗ್ತಿರ್ಲಿಲ್ಲ.

ದಿನ 6ರಿಂದ 9: ನಾನು ಮಾಡಿದ ದೊಡ್ಡ ತಪ್ಪು

ಸ್ಟೋರ್‌ಸಿಎಲ್‌ಐನಲ್ಲಿ ಎಡಬ್ಲ್ಯುಬಿ ಅಂತ ಒಂದು ಆಯ್ಕೆ ಇದೆ, ಆಲ್ವೇಸ್ ರೈಟ್‌ಬ್ಯಾಕ್. ಬ್ಯಾಟರಿ ಇರ್ಲಿ ಬಿಡ್ಲಿ ರೈಟ್‌ಬ್ಯಾಕ್ ಮಾಡು ಅಂತ. ಡೇಟಾ ಕಾಪಿ ಮುಗಿಸ್ಕೊಂಡ್ರೆ ಹತ್ತು ದಿನ ಉಳಿಯತ್ತಲ್ಲ ಅಂತ ಅದನ್ನ ಹಾಕಿದೆ. ಸೀಕ್ವೆನ್ಷಿಯಲ್ ರೈಟ್ ಒಂದೇ ಸಲಕ್ಕೆ 510 ಎಂಬಿಗೆ ಹಾರ್ತು. ಆರ್‌ಸಿಂಕ್‌ನಲ್ಲಿ ಕಾಪಿ ಶುರು ಮಾಡಿ ಮಲಗಿದೆ, ಎರಡು ರಾತ್ರಿ ಚೆನ್ನಾಗೇ ನಡೀತು. 9ನೇ ದಿನ ಮಧ್ಯಾಹ್ನ ಕರೆಂಟ್ ಹೋಯ್ತು, ಯುಪಿಎಸ್ ಇನ್ನೂ ಹಳೇ ಸರ್ವರ್‌ಗೇ ಇತ್ತು.

ವಾಪಸ್ ಬಂದಾಗ ಮೌಂಟ್ ಆಗ್ಲಿಲ್ಲ. ಎಕ್ಸ್‌ಎಫ್‌ಎಸ್ ಲಾಗ್ (ಬದಲಾವಣೆಗಳನ್ನ ಮೊದಲು ಬರೆದಿಡೋ ಜಾಗ) ಓದೋಕಾಗ್ತಿಲ್ಲ ಅಂತು. ಎಕ್ಸ್‌ಎಫ್‌ಎಸ್_ರಿಪೇರ್ ಕೊಟ್ರೆ ಲಾಗ್‌ನಲ್ಲಿ ಇನ್ನೂ ಕೆಲಸ ಬಾಕಿ ಇದೆ, ಮೊದಲು ಮೌಂಟ್ ಮಾಡಿ ಬಾ ಅನ್ನತ್ತೆ, ಮೌಂಟ್ ಮಾಡೋಕೆ ಹೋದ್ರೆ ರಿಪೇರ್ ಮಾಡು ಅನ್ನತ್ತೆ. ಕೊನೆಗೆ ಲಾಗ್ ಅಳಿಸೋ ದೊಡ್ಡ ಎಲ್ ಆಪ್ಶನ್ ಕೊಟ್ಟೆ. ಮೌಂಟ್ ಆಯ್ತು. ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಲ್ಲಿ ಹೆಸರೇ ಇಲ್ಲದ, ಬರೀ ನಂಬರ್ ಇರೋ 212 ಫೈಲು.

ಫೈಲ್ ಸಿಸ್ಟಮ್ಮಿನ ತಪ್ಪಲ್ಲ ಇದು. ಎಕ್ಸ್‌ಎಫ್‌ಎಸ್ ತನ್ನ ಪಾಡಿಗೆ ಸರಿಯಾದ ಜಾಗದಲ್ಲಿ ಫ್ಲಶ್ ಕಳಿಸಿತ್ತು, ಕಾರ್ಡು 'ಆಯ್ತು' ಅಂದಿತ್ತು, ಆ 'ಆಯ್ತು' ಬರೀ ರ‍್ಯಾಮಿನಲ್ಲಿತ್ತು. ಹಾಗೆ ಹೇಳು ಅಂತ ಕಾರ್ಡಿಗೆ ಹೇಳಿಕೊಟ್ಟೋನು ನಾನೇ. ಹಳೇ ಸರ್ವರ್‌ನಲ್ಲಿ ಅಸಲು ಡೇಟಾ ಹಾಗೇ ಇದ್ದಿದ್ರಿಂದ ಬಚಾವು. ಎರಡೂ ಕಡೆ ಎಸ್‌ಎಚ್‌ಎ256 (ಫೈಲಿನ ಬೆರಳಚ್ಚು ಇದ್ದ ಹಾಗೆ) ಹಾಕಿ ಹೋಲಿಸಿದ್ರೆ, ಆ 212 ಅಲ್ದೆ ಹೆಸರು ಸೈಜು ಎಲ್ಲಾ ಸರಿ ಇದ್ದು ಒಳಗೆ ಸೊನ್ನೆ ತುಂಬಿದ್ದ ಫೈಲು ಇನ್ನೂ 7 ಸಿಕ್ತು. ಆ ಏಳು ನೋಡಿದಾಗ ಎದೆ ಧಸಕ್ ಅಂತು, ಹೋಲಿಸದೇ ಇದ್ದಿದ್ರೆ ಅವು ಎಂದೂ ಗೊತ್ತಾಗ್ತಿರ್ಲಿಲ್ಲ. ಪೂರ್ತಿ ಅಳಿಸಿ, ಮತ್ತೆ ಎಂಕೆಎಫ್‌ಎಸ್, ರೈಟ್‌ಥ್ರೂನಲ್ಲೇ ಇಟ್ಟು ಕಾದೆ.

ದಿನ 16: ಕ್ಯಾಶ್‌ವಾಲ್ಟ್

ಚಿಕ್ಕ ಬೋರ್ಡು ಕಾರ್ಡ್ ಮೇಲೆ ಕೂರತ್ತೆ, ಅದರಿಂದ ಒಂದು ವೈರ್ ಹೋಗಿ ಸೂಪರ್ ಕೆಪಾಸಿಟರ್ ಪ್ಯಾಕಿಗೆ ಸೇರತ್ತೆ. ಹಳೇ ಬ್ಯಾಟರಿ ಮಾದರಿ ರ‍್ಯಾಮಿಗೆ ಒಂದೆರಡು ದಿನ ಜೀವ ಹಿಡಿದಿಡತ್ತೆ ಅಷ್ಟೇ, ಇದು ಹಾಗಲ್ಲ, ಕರೆಂಟ್ ಹೋದ ತಕ್ಷಣ ಕೆಪಾಸಿಟರ್ ಬಲದಲ್ಲಿ ರ‍್ಯಾಮಿನಲ್ಲಿರೋದನ್ನ ಫ್ಲ್ಯಾಶಿಗೆ ಬರೆದುಬಿಡತ್ತೆ, ಆಮೇಲೆ ವಾರ ಬಿಟ್ಟು ಆನ್ ಮಾಡಿದ್ರೂ ಡೇಟಾ ಅಲ್ಲೇ ಇರತ್ತೆ. ಪ್ಯಾಕನ್ನ ಚಿಪ್ಪಿನ ಬಿಸಿಗಾಳಿ ಬಡಿಯದ ಹಾಗೆ ಕೇಸಿನ ತಳದಲ್ಲಿ ಅಂಟಿಸಿದೆ. '/ಸಿ0/ಸಿವಿ ಶೋ' ಕೊಟ್ರೆ ಆಪ್ಟಿಮಲ್. ಎಡಬ್ಲ್ಯುಬಿ ತೆಗೆದು ಸಾದಾ ರೈಟ್‌ಬ್ಯಾಕ್ ಹಾಕಿದೆ, ಪಿಡಿಕ್ಯಾಶ್ ಆಫ್ ಮಾಡಿದೆ. ಈ ಎರಡನೇದನ್ನ ತುಂಬಾ ಜನ ಮರೀತಾರೆ. ಕಾರ್ಡಿನ ಕ್ಯಾಶ್ ಉಳಿಸೋಕೆ ಕೆಪಾಸಿಟರ್ ಇದೆ ಸರಿ, ಡಿಸ್ಕಿನ ಒಳಗೇ ಇರೋ ಕ್ಯಾಶ್ ಉಳಿಸೋರು ಯಾರೂ ಇಲ್ಲ.

ಈ ಸಲ ಯಾರ ಮಾತನ್ನೂ ನಂಬದೆ ಪರೀಕ್ಷೆ ಮಾಡಿದೆ. ಸರ್ವರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟು, ಫೈಲಿಗೆ 1, 2, 3 ಅಂತ ನಂಬರ್ ಬರೆಯತ್ತೆ, ಪ್ರತಿ ನಂಬರಿಗೂ ಎಫ್‌ಸಿಂಕ್ (ಬರೆದಾಯ್ತು ಅಂತ ಡಿಸ್ಕ್ ಕಡೆಯಿಂದ ಉತ್ತರ ಬರೋವರೆಗೆ ಕಾಯೋದು) ಮಾಡತ್ತೆ, ಎಫ್‌ಸಿಂಕ್ ವಾಪಸ್ ಬಂದ ಮೇಲೇ ಆ ನಂಬರನ್ನ ಎಸ್‌ಎಸ್‌ಎಚ್ ಮೇಲೆ ನನ್ನ ಲ್ಯಾಪ್‌ಟಾಪಿನ ಸ್ಕ್ರೀನಿಗೆ ಕಳಿಸತ್ತೆ. ಪಕ್ಕದಲ್ಲಿ ದೊಡ್ಡ ಕಾಪಿ ಒಂದು ಓಡ್ತಾ ಇರ್ಲಿ ಅಂತ ಬಿಟ್ಟೆ, ಕ್ಯಾಶ್ ತುಂಬಿರ್ಬೇಕಲ್ಲ. ಹಾಗೇ ಓಡ್ತಿರೋವಾಗ ಹಿಂದಿನಿಂದ ಪವರ್ ಕೇಬಲ್ ಕಿತ್ತೆ. ಲ್ಯಾಪ್‌ಟಾಪಲ್ಲಿ ಕೊನೇ ನಂಬರ್ 18442. ಐದು ನಿಮಿಷ ಬಿಟ್ಟು ಆನ್ ಮಾಡಿ ಮೌಂಟ್ ಮಾಡಿ ನೋಡಿದ್ರೆ ಫೈಲಲ್ಲಿ ಕೊನೇ ನಂಬರ್ 18443. ಒಂದು ಹೆಚ್ಚಿದ್ರೆ ಸರಿನೇ, ಬರೆದಾಗಿತ್ತು, ಹೇಳೋಕೆ ಮುಂಚೆ ಕರೆಂಟ್ ಹೋಯ್ತು ಅಷ್ಟೇ. ಒಂದು ಕಮ್ಮಿ ಇದ್ರೂ ಕಾರ್ಡ್ ಸುಳ್ಳು ಹೇಳ್ತಿದೆ ಅಂತ. ಐದು ಸಲ ಕಿತ್ತೆ. ಒಂದು ಸಲಾನೂ ಕಮ್ಮಿ ಬರ್ಲಿಲ್ಲ. ಮಾರನೇ ದಿನ ಕಾಪಿ ಮತ್ತೆ ಶುರು ಮಾಡಿದೆ, ಮುಗಿದ ಮೇಲೆ ಯುಪಿಎಸ್ ಈ ಕಡೆಗೆ ಬಂತು, ಎಲ್ಲರೂ ಹೊಸ ಸರ್ವರ್‌ಗೆ ಬಂದ್ರು. ಪ್ರತಿ ರಾತ್ರಿ ಹಳೇ ಮಶೀನಿಗೆ ಬ್ಯಾಕಪ್.

ವಾರ 4: ಕಾವಲು ಹಾಕಿದ್ದು

ಸಾಫ್ಟ್‌ವೇರ್ ರೈಡ್ ಆಗಿದ್ರೆ ಎಂಡಿಸ್ಟ್ಯಾಟ್ ಫೈಲ್ ನೋಡಿದ್ರೆ ಮುಗೀತು, ಡಿಸ್ಕ್ ಹೋದ್ರೆ ಅದನ್ನ ನಡೆಸೋ ಟೂಲ್ ಎಂಡಿಎಡಿಎಂ ತಾನೇ ಮೇಲ್ ಕಳಿಸತ್ತೆ. ಇಲ್ಲಿ ಲಿನಕ್ಸ್‌ಗೆ ಕಾಣೋದು ಕಾರ್ಡ್ ತೋರಿಸೋ ಒಂದು ಡಿಸ್ಕ್ ಮಾತ್ರ. ಹಿಂದೆ ಒಂದು ಸತ್ತಿರ್ಲಿ ಎರಡು ಸತ್ತಿರ್ಲಿ, ಫೈಲುಗಳು ಓಪನ್ ಆಗ್ತಾನೇ ಇರತ್ತೆ.

ಮೊದಲು ಸ್ಮಾರ್ಟ್‌ಡಿ, ಡಿಸ್ಕುಗಳ ಆರೋಗ್ಯ ಹಿನ್ನೆಲೇಲಿ ನೋಡ್ತಿರೋ ಪ್ರೋಗ್ರಾಂ. ಸ್ಮಾರ್ಟ್‌ಸಿಟಿಎಲ್‌ಗೆ 'ಮೆಗಾರೈಡ್, ನಂಬರ್' ಅಂತ ಕೊಟ್ರೆ ಕಾರ್ಡ್ ದಾಟಿ ಒಳಗಿನ ಡಿಸ್ಕ್ ನೋಡಬಹುದು. ನಾನು ಸ್ಲಾಟ್ ನಂಬರ್ 0ಯಿಂದ 5 ಕೊಟ್ಟೆ, ಏನೂ ಬರ್ಲಿಲ್ಲ. ಅಲ್ಲಿ ಬೇಕಾಗಿರೋದು ಸ್ಲಾಟ್ ಅಲ್ಲ, ಸ್ಟೋರ್‌ಸಿಎಲ್‌ಐ ಟೇಬಲ್‌ನಲ್ಲಿ ಡಿಐಡಿ ಅಂತ ಇನ್ನೊಂದು ಕಾಲಂ ಇದೆ, ಅದು. ನನ್ನಲ್ಲಿ ಅವು 8ರಿಂದ 13. ಸ್ಮಾರ್ಟ್‌ಸಿಟಿಎಲ್‌ನ ಸ್ಕ್ಯಾನ್ ಕೊಟ್ರೆ ಬಸ್ 0 ಅನ್ನೋ ಹೆಸರಿನ ಜೊತೆ ಇವೇ ನಂಬರ್ ಬರತ್ತೆ, ಕಾನ್ಫಿಗ್ ಫೈಲಲ್ಲಿ ಆ ಹೆಸರನ್ನೇ ಹಾಕಿ. ಎಸ್‌ಡಿಎ ಎಸ್‌ಡಿಬಿ ಅಂತ ಹಾಕಿದ್ರೆ ಯಾವತ್ತೋ ಒಂದು ಬೂಟ್‌ನಲ್ಲಿ ಹೆಸರು ಅದಲು ಬದಲಾಗಿ ಎಲ್ಲಾ ತಪ್ಪತ್ತೆ.

ಆಮೇಲೆ ಅರೇಗೆ ಒಂದು ಸ್ಕ್ರಿಪ್ಟು, ಪ್ರತಿ 15 ನಿಮಿಷಕ್ಕೆ ಕ್ರಾನ್ ಅದನ್ನ ಓಡಿಸತ್ತೆ. ಮೊದಲ ಪ್ರಯತ್ನ: ಸ್ಟೋರ್‌ಸಿಎಲ್‌ಐ ಔಟ್‌ಪುಟ್‌ನಲ್ಲಿ ಡಿಗ್ರೇಡೆಡ್ (ಡಿಸ್ಕ್ ಸತ್ತು ರಕ್ಷಣೆ ಕುಗ್ಗಿದೆ) ಸೂಚಿಸೋ ಡಿಜಿಆರ್‌ಡಿ ಅಂತ ಇದ್ಯಾ ಅಂತ ಗ್ರೆಪ್‌ನಲ್ಲಿ ಹುಡುಕೋದು. ಎಲ್ಲಾ ಸರಿ ಇದ್ರೂ 15 ನಿಮಿಷಕ್ಕೊಂದು ಅಲರ್ಟ್ ಮೇಲ್ ಬರೋಕೆ ಶುರು ಆಯ್ತು. ಟೇಬಲ್ ಕೆಳಗೆ ಯಾವ ಅಕ್ಷರಕ್ಕೆ ಏನರ್ಥ ಅಂತ ವಿವರಣೆ ಸಾಲು ಪ್ರತಿ ಸಲಾನೂ ಪ್ರಿಂಟ್ ಆಗತ್ತೆ, ಗ್ರೆಪ್ ಹಿಡೀತಿದ್ದಿದ್ದು ಅದನ್ನ. ಸರಿ ಅಂತ ಜೇಸನ್ ಔಟ್‌ಪುಟ್‌ಗೆ ಹೋಗಿ, ಜೆಕ್ಯೂನಲ್ಲಿ ಸ್ಟೇಟ್ ಮಾತ್ರ ತೆಗೆದು, ಅದು ಡಿಜಿಆರ್‌ಡಿ ಆಗಿದ್ರೆ ಮೇಲ್ ಅಂತ ಬರೆದೆ. ಮೇಲ್ ನಿಂತವು. ಸಮಾಧಾನ ಆಯ್ತು. ನಿಜವಾಗಿ ಒಂದು ಡಿಸ್ಕ್ ಆಫ್‌ಲೈನ್ ಮಾಡಿ ಮೇಲ್ ಬರತ್ತಾ ಅಂತ ನೋಡ್ಲಿಲ್ಲ. ಐದು ಸಲ ಪವರ್ ಕೇಬಲ್ ಕಿತ್ತೋನು ಇದೊಂದನ್ನ ಮಾಡ್ಬೇಕಿತ್ತು.

ವಾರ 7: ಹನ್ನೊಂದು ದಿನ

ಒಂದು ದಿನ ಕಾರ್ಡಿನ ಟೆಂಪರೇಚರ್ ನೋಡೋಣ ಅಂತ ಸುಮ್ನೆ '/ಸಿ0 ಶೋ' ಕೊಟ್ಟೆ. ಸ್ಲಾಟ್ 3 ಫೇಲ್ಡ್. ಈವೆಂಟ್ ಲಾಗ್ ತೆಗೆದ್ರೆ ಅದಾಗಿ 11 ದಿನ ಆಗಿತ್ತು.

ಮೇಲ್ ಯಾಕೆ ಬರ್ಲಿಲ್ಲ? ಅರೇ ಸ್ಟೇಟ್ ಪಿಡಿಜಿಡಿ ಅಂತಿತ್ತು, ಪಾರ್ಷಿಯಲಿ ಡಿಗ್ರೇಡೆಡ್. ರೈಡ್ 6ನಲ್ಲಿ ಒಂದು ಡಿಸ್ಕ್ ಹೋದ್ರೆ ಇನ್ನೊಂದರ ರಕ್ಷಣೆ ಇನ್ನೂ ಉಳಿದಿರತ್ತಲ್ಲ, ಅದಕ್ಕೆ ಈ ಬೇರೆ ಹೆಸರು. ಎರಡು ಹೋದ ಮೇಲೆ ಡಿಜಿಆರ್‌ಡಿ. ನನ್ನ ಸ್ಕ್ರಿಪ್ಟು ಎರಡನೇ ಡಿಸ್ಕ್ ಸಾಯೋದನ್ನ ಕಾಯ್ತಾ ಕೂತಿತ್ತು.

ಸ್ಮಾರ್ಟ್‌ಡಿ? ಅದು ಡಿಸ್ಕ್ ಸಿಗ್ತಿಲ್ಲ ಅಂತ ಸಿಸ್‌ಲಾಗ್‌ಗೆ ಬರೆದಿತ್ತು, ಮೇಲ್ ವಿಳಾಸ ಹಾಕೋ ಸಾಲನ್ನ ಎಸ್‌ಎಸ್‌ಡಿಗೆ ಮಾತ್ರ ಹಾಕಿದ್ದೆ, ಆರು ಡಿಸ್ಕಿನ ಸಾಲಿಗೆ ಕಾಪಿ ಮಾಡೋದು ಬಿಟ್ಟುಹೋಗಿತ್ತು.

ಕಾರ್ಡಿನ ಬಜರ್? ಪವರ್ ಟೆಸ್ಟ್ ಮಾಡೋ ದಿನ ಅದು ಕೂಗ್ತಾ ಇತ್ತು ಅಂತ ಅಲಾರ್ಮ್ ಆಫ್ ಕೊಟ್ಟಿದ್ದೆ. ಸೈಲೆನ್ಸ್ ಕೊಡಬೇಕಿತ್ತು. ಸೈಲೆನ್ಸ್ ಅಂದ್ರೆ ಈ ಸಲಕ್ಕೆ ಸುಮ್ನಿರು, ಆಫ್ ಅಂದ್ರೆ ಇನ್ಮೇಲೆ ಕೂಗಲೇ ಬೇಡ.

ಮೂರು ಕಾವಲು ಹಾಕಿದ್ದೆ, ಮೂರನ್ನೂ ನನ್ನ ಕೈಯಾರೆ ಕೆಡಿಸಿದ್ದೆ. ಆ ದಿನ ಸಂಜೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಅಷ್ಟೂ ದಿನ ಎಲ್ಲರ ಕೆಲಸ ಅದರ ಮೇಲೇ ನಡೀತಿತ್ತು.

ಅವಸರ ಅಲ್ಲಿಗೂ ನಿಲ್ಲಲಿಲ್ಲ. ಸ್ಪೇರ್ ಡಿಸ್ಕ್ ತಗೊಂಡು, ಮಶೀನ್ ಆನ್ ಇರೋವಾಗಲೇ, ಮೊದಲ ಕೇಬಲ್ಲಿನ ನಾಲ್ಕನೇ ಬಾಲಕ್ಕೆ ಸಿಕ್ಕಿಸಿದ್ದ ಡಿಸ್ಕ್ ಕಿತ್ತೆ. ಸ್ಲಾಟ್ 0ಯಿಂದ ಎಣಿಸಿದ್ರೆ 3 ಅಂದ್ರೆ ನಾಲ್ಕನೇದು ತಾನೇ. ಸ್ಟೋರ್‌ಸಿಎಲ್‌ಐ ನೋಡಿದ್ರೆ ಸ್ಲಾಟ್ 3 ಇನ್ನೂ ಫೇಲ್ಡ್ ಅಂತಾನೇ ಇದೆ, ಸ್ಲಾಟ್ 0 ಮಾಯ. ನನ್ನ ಕೇಬಲ್ಲಿನ ಬಾಲಗಳ ಗುರುತು ಕಾರ್ಡಿನ ಸ್ಲಾಟ್ ನಂಬರ್‌ಗೆ ಉಲ್ಟಾ ಇತ್ತು. ಚೆನ್ನಾಗಿದ್ದ ಡಿಸ್ಕ್ ಕೈಯಲ್ಲಿ, ಸತ್ತಿದ್ದು ಒಳಗೆ. ಅರೇ ಈಗ ನಿಜವಾದ ಡಿಜಿಆರ್‌ಡಿ, ಮೇಲ್ ಕೂಡ ಬಂತು. ಲೊಕೇಟ್ ಲೈಟ್ ಹಚ್ಚಿ ನೋಡಬಹುದಿತ್ತಲ್ಲ ಅಂದ್ರೆ, ಅದಕ್ಕೆ ಬ್ಯಾಕ್‌ಪ್ಲೇನ್ ಬೇಕು, ಬರೀ ಕೇಬಲ್ಲಿಗೆ ಲೈಟ್ ಎಲ್ಲಿಂದ ಬರ್ಬೇಕು.

ರೈಡ್ 5 ಆಗಿದ್ದಿದ್ರೆ ಆ ಕ್ಷಣಕ್ಕೆ ಎಲ್ಲಾ ಮುಗೀತಿತ್ತು. ರೈಡ್ 6 ಆಗಿದ್ರಿಂದ ಫೈಲುಗಳು ಇನ್ನೂ ಓದೋಕೆ ಸಿಗ್ತಿದ್ವು. ಎಲ್ಲರಿಗೂ ಹೇಳಿ ಶೇರ್ ನಿಲ್ಲಿಸಿ ಮೊದಲು ಆ ದಿನದ ಬದಲಾವಣೆ ಎಲ್ಲಾ ಬ್ಯಾಕಪ್ ಮಾಡಿದೆ. ಆಮೇಲೆ ಕಿತ್ತಿದ್ದ ಡಿಸ್ಕನ್ನ ಅದೇ ಜಾಗಕ್ಕೆ ಹಾಕಿದೆ, ಅದು ಫಾರಿನ್ ಅಂತ ಬಂತು. ಇಂಪೋರ್ಟ್ ಮಾಡ್ಲಿಲ್ಲ. ಅದು ಹೊರಗಿದ್ದ ಹೊತ್ತಲ್ಲಿ ಅರೇ ಮೇಲೆ ಬರೆಯೋದು ನಡೀತಾನೇ ಇತ್ತು, ಅದರೊಳಗಿರೋದು ಈಗ ಹಳಸಿದ ಡೇಟಾ. ಫಾರಿನ್ ಗುರುತು ಅಳಿಸಿ, ಹಾಟ್ ಸ್ಪೇರ್ (ಸತ್ತ ಡಿಸ್ಕಿನ ಜಾಗಕ್ಕೆ ತಾನೇ ಸೇರೋ ಡಿಸ್ಕು) ಅಂತ ಸೇರಿಸಿದ ತಕ್ಷಣ ರೀಬಿಲ್ಡ್, ಅಂದ್ರೆ ಅದರ ಡೇಟಾ ಮತ್ತೆ ಕಟ್ಟೋದು, ಶುರು ಆಯ್ತು. 10 ಗಂಟೆ 20 ನಿಮಿಷ. ಅಷ್ಟೂ ಹೊತ್ತು ಉಳಿದ ನಾಲ್ಕರಲ್ಲಿ ಒಂದಕ್ಕೆ ಏನಾದ್ರೂ ಆಗಿದ್ರೆ ಅರೇ ಹೋಗ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ.

ಮಾರನೇ ದಿನ ಮಶೀನ್ ಆಫ್ ಮಾಡಿ, 'ಶೋ ಆಲ್'ನಿಂದ ಸ್ಲಾಟ್ 3ರ ಸೀರಿಯಲ್ ನಂಬರ್ ಬರ್ಕೊಂಡು, ಡಿಸ್ಕ್ ಮೇಲಿನ ಸ್ಟಿಕ್ಕರ್ ಜೊತೆ ಅಕ್ಷರ ಅಕ್ಷರ ಹೋಲಿಸಿ ಬದಲಾಯಿಸಿದೆ. ಎರಡನೇ ರೀಬಿಲ್ಡ್ ಎಲ್ಲರೂ ಕೆಲಸ ಮಾಡ್ತಿರೋವಾಗಲೇ ಓಡ್ತು, 30% ರೇಟ್‌ನಲ್ಲಿ, 17 ಗಂಟೆ.

ವಾರ 8: ಸರಿ ಮಾಡಿದ್ದು

ಆರೂ ಡಿಸ್ಕಿನ ಅಂಚಿಗೆ, ಹೊರಗಿಂದ ಕಾಣೋ ಹಾಗೆ, ಸ್ಲಾಟ್ ನಂಬರು ಮತ್ತು ಸೀರಿಯಲ್‌ನ ಕೊನೇ ನಾಲ್ಕು ಅಕ್ಷರ ಬರೆದ ಲೇಬಲ್. ಇದಕ್ಕೆ ಹಿಡಿದಿದ್ದು 25 ನಿಮಿಷ, ಮೊದಲ ದಿನವೇ ಮಾಡ್ಬಹುದಿತ್ತು.

ಸ್ಕ್ರಿಪ್ಟನ್ನ ತಿರುಗಿಸಿ ಬರೆದೆ. ಈಗ ಅದು ಕೆಟ್ಟ ಪದ ಹುಡುಕಲ್ಲ. ಅರೇ ಒಪಿಟಿಎಲ್ (ಆಪ್ಟಿಮಲ್, ಎಲ್ಲಾ ಸರಿ) ಅಲ್ಲದೆ ಬೇರೆ ಏನೇ ಬಂದ್ರೂ, ಆರು ಡಿಸ್ಕ್ ಆನ್‌ಲೈನ್ ಅಂತ ಎಣಿಕೆ ಸಿಗದಿದ್ರೂ, ಕ್ಯಾಶ್‌ವಾಲ್ಟ್ ಆಪ್ಟಿಮಲ್ ಅಲ್ದಿದ್ರೂ, ಕ್ಯಾಶ್ ಕಾಲಂ ಡಬ್ಲ್ಯುಟಿಗೆ ಇಳಿದ್ರೂ, ಮೀಡಿಯಾ ಎರರ್ ನಿನ್ನೆಗಿಂತ ಒಂದು ಜಾಸ್ತಿ ಆದ್ರೂ, ಕೊನೆಗೆ ಸ್ಟೋರ್‌ಸಿಎಲ್‌ಐ ಉತ್ತರವೇ ಕೊಡದಿದ್ರೂ ಮೇಲ್. ಬೆಳಿಗ್ಗೆ 9ಕ್ಕೆ 'ಎಲ್ಲಾ ಸರಿ ಇದೆ' ಅಂತ ಒಂದು ಮೇಲ್ ಬರತ್ತೆ, ಅದು ಬರದಿದ್ರೆ ಸ್ಕ್ರಿಪ್ಟೇ ಸತ್ತಿದೆ ಅಂತ ಗೊತ್ತಾಗತ್ತೆ. ಅಲಾರ್ಮ್ ಆನ್. ಸ್ಮಾರ್ಟ್‌ಡಿಲಿ ಆರೂ ಸಾಲಿಗೆ ಮೇಲ್ ವಿಳಾಸ. ಹೊಸ ಸ್ಪೇರ್ ತರಿಸಿ, ಖಾಲಿ ಇದ್ದ ಏಳನೇ ಪೋರ್ಟಿಗೆ ಗ್ಲೋಬಲ್ ಹಾಟ್ ಸ್ಪೇರ್ ಅಂತ ಹಾಕಿದೆ, ಕಪಾಟಿನಲ್ಲಿಟ್ಟಿದ್ರೆ 11 ದಿನ ಅದರಿಂದ ಏನೂ ಪ್ರಯೋಜನ ಆಗ್ಲಿಲ್ಲವಲ್ಲ.

ಆಮೇಲೆ ಭಾನುವಾರ, ಬ್ಯಾಕಪ್ ಮುಗಿದ ಮೇಲೆ, ಸ್ಲಾಟ್ 4ನ್ನ ಬೇಕಂತಲೇ ಆಫ್‌ಲೈನ್ ಮಾಡಿದೆ. ಬಜರ್ ಕೂಗ್ತು. ಹನ್ನೆರಡು ನಿಮಿಷಕ್ಕೆ ಮೇಲ್ ಬಂತು, ಸ್ಟೇಟ್ ಪಿಡಿಜಿಡಿ ಅಂತ ಬರೆದಿತ್ತು. ಆ ಮೇಲನ್ನ ಅಳಿಸ್ದೆ ಇಟ್ಕೊಂಡಿದೀನಿ.

ವಾರ 10: ಎರಡನೇ ಕಾರ್ಡು

ಡಿಸ್ಕ್ ಸತ್ರೆ ಡಿಸ್ಕ್ ಇದೆ, ಕಾರ್ಡೇ ಸತ್ರೆ? ಅರೇಯ ವಿವರ ಡಿಸ್ಕುಗಳ ಮೇಲೂ ಬರೆದಿರತ್ತೆ, ಹಾಗಾಗಿ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹಾಕಿದ್ರೆ ಫಾರಿನ್ ಅಂತ ಗುರುತು ಹಿಡಿದು ಇಂಪೋರ್ಟ್ ಮಾಡ್ಕೊಳತ್ತೆ. ಆದ್ರೆ ಮದರ್‌ಬೋರ್ಡ್ ಸಾಟಾಗೆ ಸಿಕ್ಕಿಸಿ ಎಂಡಿಎಡಿಎಂನಲ್ಲಿ ತೆಗೀತೀನಿ ಅಂತ ಲೆಕ್ಕ ಹಾಕ್ಕೊಂಡು ಕೂರೋ ಹಾಗಿಲ್ಲ. ಸಾಫ್ಟ್‌ವೇರ್ ರೈಡ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ನನ್ನ ಪ್ರಕಾರ ಇದೇ, ಸ್ಪೀಡಲ್ಲ. ಅಲ್ಲಿ ಯಾವ ಲಿನಕ್ಸ್ ಮಶೀನಾದ್ರೂ ಸಾಕು, ಇಲ್ಲಿ ಕಾರ್ಡ್ ಬೇಕು. ಓಎಸ್ ಬದಲಾಯಿಸೋವಾಗಲೂ ಇದು ನೆನಪಿರಲಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ಹಳೇ ರೈಡ್ ಕಾರ್ಡುಗಳ ಎಷ್ಟೋ ಐಡಿಗಳನ್ನ ಡ್ರೈವರಿಂದ ತೆಗೆದ್ರು, ಅಂಥವರು ಎಲ್‌ರೆಪೊ ಅನ್ನೋ ಹೊರಗಿನ ರೆಪೊಸಿಟರಿಯಿಂದ ಡ್ರೈವರ್ ತಂದು ಹಾಕ್ಕೋಬೇಕಾಯ್ತು.

ಇನ್ನೊಂದು 9271-8ಐ ತರಿಸಿದೆ, ಈ ಸಲ ಕ್ಯಾಶ್‌ವಾಲ್ಟ್ ಇದ್ಯಾ ಅಂತ ಕೇಳಿ, ಫೋಟೋ ತರಿಸ್ಕೊಂಡು. ಫರ್ಮ್‌ವೇರ್ ಎರಡರದ್ದೂ ಒಂದೇ ವರ್ಶನ್‌ಗೆ ತಂದೆ. ಹಳೇ ಕಾರ್ಡಲ್ಲಿ ಬರೆಯೋದು ಬಾಕಿ ಏನೂ ಉಳೀದಿರ್ಲಿ ಅಂತ ಸರಿಯಾಗಿ ಶಟ್‌ಡೌನ್ ಮಾಡಿ ಕಾರ್ಡ್ ಬದಲಾಯಿಸಿದೆ. '/ಸಿ0/ಎಫ್ಆಲ್ ಶೋ' ಕೊಟ್ರೆ ಏಳು ಡಿಸ್ಕಿನ ಒಂದು ಗುಂಪು ಕಾಣ್ತು. ಇಂಪೋರ್ಟ್ ಕೊಟ್ಟೆ, ಕೆಲವು ಸೆಕೆಂಡು, ಅರೇ ಒಪಿಟಿಎಲ್. ಮೌಂಟ್ ಪಟ್ಟಿ ಇರೋ ಎಫ್‌ಸ್ಟ್ಯಾಬ್‌ನಲ್ಲಿ ಯುಯುಐಡಿ (ಫೈಲ್ ಸಿಸ್ಟಮ್ಮಿನ ಸ್ವಂತ ಗುರುತು) ಇದ್ದಿದ್ರಿಂದ ಮೌಂಟ್ ಕೂಡ ತಾನೇ ಆಯ್ತು. ಕಾರ್ಡ್ ಬದಲಾಯಿಸಿ ಶೇರ್ ವಾಪಸ್ ಬರೋಕೆ ಒಟ್ಟು 34 ನಿಮಿಷ, ಅದರಲ್ಲಿ ಅರ್ಧ ಆ ಫ್ಯಾನ್ ಬಿಚ್ಚಿ ಕಟ್ಟೋಕೇ ಹೋಯ್ತು.

ಹೊಸ ಕಾರ್ಡನ್ನೇ ಒಳಗೆ ಬಿಟ್ಟು ಹಳೇದನ್ನ ಲೇಬಲ್ ಹಾಕಿ ಡಬ್ಬದಲ್ಲಿಟ್ಟಿದೀನಿ. ಪ್ಯಾಟ್ರೋಲ್ ರೀಡ್ (ಡಿಸ್ಕ್ ಪೂರ್ತಿ ಓದಿ ಕೆಟ್ಟ ಸೆಕ್ಟರ್ ಹುಡುಕೋದು) ವಾರಕ್ಕೊಂದು ಸಲ, ಕನ್ಸಿಸ್ಟೆನ್ಸಿ ಚೆಕ್ (ಡೇಟಾಗೂ ಪ್ಯಾರಿಟಿಗೂ ತಾಳೆ ಇದ್ಯಾ ನೋಡೋದು) ತಿಂಗಳಿಗೊಂದು ಸಲ ಅಂತ ಹಾಕಿದೆ. ಇದನ್ನ ಬರೀತಿರೋವಾಗ ಮೊದಲ ಕನ್ಸಿಸ್ಟೆನ್ಸಿ ಚೆಕ್ 62%ನಲ್ಲಿದೆ, ಚಿಪ್ಪು 66 ಡಿಗ್ರಿ, ಏಳೂ ಡಿಸ್ಕಿನ ಮೀಡಿಯಾ ಎರರ್ ಸೊನ್ನೆ.